ವೈನಿ ಮುಚ್ಚಿಟ್ಟ ಉಂಡಿಗಳು

ಹುಮನಾಬಾದಿನಲ್ಲಿರುವ ನಮ್ಮ ಅಣ್ಣನ ಮನೆಯಿಂದ ಪಂಚಮಿಯ ಮರುದಿನ ಕೆಲವು ಶೇಂಗಾ ಉಂಡಿಗಳು ಕಾಣೆಯಾದವು. ಘಟನೆ ಮಧ್ಯಾಹ್ನದ ನಿದ್ದೆಯ ವೇಳೆಯಲ್ಲಿ ನಡೆದಿರಬೇಕೆಂದು ಶಂಕಿಸಲಾಯಿತು. ಬಾಗಿಲಿನ ಚಿಲಕ ಮುರಿದಿರಲಿಲ್ಲ. ಡಬ್ಬಿಯ ಮುಚ್ಚಳ ಮೊದಲಿನಂತೆಯೇ ಬಿಗಿಯಾಗಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿದ್ದವರು ಇಬ್ಬರೇ. ಒಬ್ಬರು ಉಂಡಿ ಕಟ್ಟಿದ ವೈನಿ, ಅಂದರೆ ನನ್ನ ಅತ್ತಿಗೆ, ಇನ್ನೊಬ್ಬ ಉಂಡಿ ತಿನ್ನಬಾರದ ಅಣ್ಣ. ಹೀಗಾಗಿ ತನಿಖೆ ಬಹಳ ಹೊತ್ತು ನಡೆಯಲಿಲ್ಲ. ಅಣ್ಣನ ಮೀಸೆಯಲ್ಲಿ ಶೇಂಗಾ ಪುಡಿ ಸಿಕ್ಕಿತು.

ಇಂಥವು ಆ ಮನೆಯಲ್ಲಿ ವರ್ಷವರ್ಷವೂ ಶ್ರಾವಣದಿಂದ ಹಿಡಿದು ಎಳ್ಳಮಾವಾಸ್ಯೆಯ ತನಕ ನಡೆಯುತ್ತಲೇ ಇದ್ದವು. ಹಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಹಬ್ಬಕ್ಕೂ ಒಂದು ಸಿಹಿ ಇದೆ. ಪ್ರತಿ ಸಿಹಿಗೂ ಡಾಕ್ಟರರ ಆಕ್ಷೇಪಣೆ ಇದೆ. ಈ ಮೂರರ ನಡುವೆ ವೈನಿ ನಿಂತಿದ್ದರು, ಕೈಯಲ್ಲಿ ಸೌಟು ಹಿಡಿದು.

ಈಗ ಆ ಮನೆಯಲ್ಲಿ ಏನೂ ಕಾಣೆಯಾಗುವುದಿಲ್ಲ.

ಕಣ್ಣು ಮತ್ತು ಬಾಯಿ

ಅಣ್ಣ ದರ್ಜಿ. ಹುಮನಾಬಾದಿನ ಬಜಾರಿನಲ್ಲಿ ಅವನದೊಂದು ಸಣ್ಣ ಅಂಗಡಿ. ನೆಹರು ಶರ್ಟು, ಪೈಜಾಮ, ಮದುವೆಯ ದಿನಗಳಲ್ಲಿ ಸಫಾರಿ. ನಾನು ಬಸವಕಲ್ಯಾಣದಲ್ಲಿ ಹೈಸ್ಕೂಲು ಮಾಸ್ತರ. ರವಿವಾರ ಬಂತೆಂದರೆ ಬಸ್ಸು ಹಿಡಿದು ಅಣ್ಣನ ಮನೆಗೆ ಹೋಗುವುದು ರೂಢಿ. ಹೋಗುವ ನೆಪ ಅಣ್ಣನ ಆರೋಗ್ಯ, ಕಾರಣ ವೈನಿಯ ಅಡುಗೆ.

ಅಣ್ಣನಿಗೆ ಶುಗರು ಬಂದು ಕೆಲವು ವರ್ಷಗಳಾಗಿದ್ದವು. ಅದನ್ನು ಅವನು ಮನೆಗೆ ಬಂದ ದೂರದ ನೆಂಟನಂತೆ ಕಂಡಿದ್ದ. ಬಂದಿದೆ, ಇರಲಿ, ನಮ್ಮ ಊಟಕ್ಕೆ ಅಡ್ಡ ಬರದಿದ್ದರೆ ಸಾಕು. ಆಮೇಲೆ ಎರಡೂ ಕಣ್ಣಿಗೆ ಮೋತಿಬಿಂದು ಬಂತು. ಪೊರೆ. ಬೇರೆ ಯಾರಿಗಾದರೂ ಬಂದಿದ್ದರೆ ಹೇಗೋ ನಡೆಯುತ್ತಿತ್ತು, ದರ್ಜಿಗೆ ಬಂತು. ಸೂಜಿಗೆ ದಾರ ಪೋಣಿಸುವ ಕೆಲಸ ಗಿರಾಕಿಗಳ ಪಾಲಿಗೆ ಹೋಯಿತು. ಅಂಗಡಿಗೆ ಯಾರೇ ಬರಲಿ, ಅಳತೆ ಕೊಡುವ ಮೊದಲು ದಾರ ಪೋಣಿಸಿ ಕೊಡಬೇಕು. ಜನ ಒಳ್ಳೆಯವರು, ಪೋಣಿಸಿದರು. ಕ್ರಮೇಣ ಬಟ್ಟೆಯನ್ನು ಮಾತ್ರ ಬೇರೆ ಅಂಗಡಿಗೆ ಕೊಟ್ಟರು.

ಕಣ್ಣು ತೋರಿಸಲು ಇಬ್ಬರೂ ಬಸವಕಲ್ಯಾಣಕ್ಕೆ ಬಂದರು. ನಾನೂ ಜೊತೆಗೆ ಹೋದೆ. ಡಾಕ್ಟರ್ ಮೇಡಂ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಆಪರೇಶನ್ ಸಣ್ಣದು, ಅದೇ ದಿನ ಮನೆಗೆ ಹೋಗಬಹುದು, ಆದರೆ ಶುಗರು ಇಳಿಯಬೇಕು ಎಂದರು. ಇಳಿಯದೆ ಕೈ ಹಚ್ಚಿದರೆ ಗಾಯ ಮಾಯುವುದಿಲ್ಲ, ಈಗ ಇದ್ದಷ್ಟು ನೋಟವೂ ಹೋದೀತು ಎಂದರು. ರಕ್ತದ ರಿಪೋರ್ಟು ತನ್ನಿ, ನೋಡಿ ತಾರೀಖು ಕೊಡುತ್ತೇನೆ ಎಂದರು.

ವೈನಿ ಬಸ್‌ ಸ್ಟ್ಯಾಂಡಿನ ತನಕ ಬಿರಬಿರನೆ ನಡೆದರು. ಅಲ್ಲಿ ಚೀಲ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಇವ್ರ ಕಣ್ಣು ಇವ್ರ ಬಾಯಾಗ ಅವ ನೋಡ್ರಿ, ಭಾವಜಿ."

ಅಣ್ಣನಿಗೂ ಬೇಸರವಾಗಿತ್ತು. "ಕಣ್ಣ ತೋರಸಾಕ ಬಂದ್ರ ಬಾಯಿ ಬಗ್ಗಿ ಮಾತಾಡಾಕತ್ತಾರ," ಎಂದ. "ಈ ಡಾಕ್ಟರಿಗಿ ಜಾಗಾನೇ ಗೊತ್ತಿಲ್ಲ. ಬ್ಯಾರೆ ಡಾಕ್ಟರ್ ನೋಡೂಣು."

ಹುಣಸೆ

ಹಾಗಾದರೆ ಸಿಹಿ ಮಾಡುವುದನ್ನೇ ಬಿಡಬಹುದಲ್ಲ ಎಂದು ನಾನು ವೈನಿಗೆ ಸೂಚಿಸಿದೆ. ವೈನಿ ನನ್ನನ್ನು ಕನಿಕರದಿಂದ ನೋಡಿದರು. ಪಂಚಮಿಗೆ ಉಂಡಿ ಇಲ್ಲದಿದ್ದರೆ ಅದು ಹಬ್ಬವಲ್ಲ, ನಿಮ್ಮ ಸಾಲಿಯ ಸೂಟಿ ಎಂದರು. ದೇವರಿಗೆ ನೈವೇದ್ಯ ಆಗಬೇಕು, ಮಗಳ ಮನೆಗೆ ಕೊಟ್ಟು ಕಳಿಸಬೇಕು, ಓಣಿಯ ನಾಲ್ಕು ಮನೆಗೆ ಬೀರಬೇಕು. ಅಣ್ಣನಿಗೂ ಇಲ್ಲವೆನ್ನುವಂತಿಲ್ಲ. ಹಬ್ಬಕ್ಕೆ ಒಂದು ಉಂಡಿ. ಅರ್ಧ ಮುಂಜಾನೆ, ಅರ್ಧ ಸಂಜೆಗೆ. ಹಬ್ಬವೂ ಉಳಿಯಬೇಕು, ಕಣ್ಣೂ ಉಳಿಯಬೇಕು ಎಂಬುದು ವೈನಿಯ ಧೋರಣೆ. ಉಳಿದ ಉಂಡಿಗಳು ಉಳಿಯುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಪಂಚಮಿಯ ಕಳವಿನ ನಂತರ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದವು. ಉಂಡಿ ಇದ್ದಲ್ಲಿ ಹುಣಸೆ ಬಂತು. ನಮ್ಮ ಕಡೆ ವರ್ಷಕ್ಕಾಗುವಷ್ಟು ಹುಣಸೆ ಹಣ್ಣಿನ ಬೀಜ ತೆಗೆದು, ಉಪ್ಪು ಹಚ್ಚಿ, ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿ ಇಡುತ್ತಾರೆ. ಹಳೆಯದಾದಂತೆ ಅದು ಕಪ್ಪಾಗುತ್ತದೆ. ಎಳ್ಳುಂಡಿಯೂ ಕಪ್ಪಗೇ ಇರುತ್ತದೆ. ಮೋತಿಬಿಂದು ಇದ್ದವನಿಗೆ ಈ ಎರಡರಲ್ಲಿ ಭೇದ ಕಾಣುವುದಿಲ್ಲ.

ಅದೊಂದು ರವಿವಾರ ನಾನು ಪಡಸಾಲೆಯಲ್ಲಿ ಕೂತಿದ್ದೆ. ವೈನಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅಣ್ಣ ನೀರು ಕುಡಿಯಲು ಎಂದು ಎದ್ದು ಒಳಗೆ ಹೋದ. ಬಂದು ಕೂತಾಗ ಒಂದು ಕೆನ್ನೆ ಉಬ್ಬಿತ್ತು. ಅವನು ಬಾಯಿ ಬಿಡುವಷ್ಟರಲ್ಲಿ ವೈನಿಯೂ ಬಂದು ಎದುರಿಗೇ ಕೂತರು. ಅವತ್ತು ಅವರಿಗೆ ತೀರಿಹೋದ ನಮ್ಮ ಅವ್ವನ ನೆನಪಾಗಿತ್ತು. ಅವ್ವ ಉಂಡಿ ಕಟ್ಟುತ್ತಿದ್ದ ಬಗೆ, ಹೊಸದಾಗಿ ಬಂದ ಸೊಸೆಗೆ ಮೊದಲು ಕೊಟ್ಟು ಆಮೇಲೆ ಗಂಡುಮಕ್ಕಳಿಗೆ ಕೊಡುತ್ತಿದ್ದುದು, ಎಲ್ಲವನ್ನೂ ನಿಧಾನವಾಗಿ ಹೇಳತೊಡಗಿದರು.

ಅಣ್ಣ ಉಗುಳುವಂತಿರಲಿಲ್ಲ, ನುಂಗುವಂತಿರಲಿಲ್ಲ. ಮೊದಲು ಕಿವಿ ಕೆಂಪಾದವು. ಆಮೇಲೆ ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ವೈನಿ ಮಾತು ನಿಲ್ಲಿಸಿ ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು.

"ನೋಡ್ರಿ ಭಾವಜಿ, ಅವ್ವನ ಹೆಸರ ತಗದ್ರ ಇನ್ನೂ ಇವ್ರಿಗಿ ಹಿಂಗ ಆಗ್ತದ."

ಮನಸ್ಸು ಕರಗಿ, ಒಳಗೆ ಹೋಗಿ, ತಾವೇ ಅರ್ಧ ಉಂಡಿ ತಂದು ಅಣ್ಣನ ಮುಂದೆ ಹಿಡಿದರು. ಆ ಹೊತ್ತಿಗೆ ಹುಣಸೆಯ ಹುಳಿಗೆ ಅಣ್ಣನ ಹಲ್ಲು ಚಳಿತು, ನಾಲಿಗೆ ಮರಗಟ್ಟಿತ್ತು. ಅವನು ಬೇಡವೆಂದು ತಲೆಯಾಡಿಸಿದ. ಹುಟ್ಟಿದಾಗಿನಿಂದ ಅವನು ಉಂಡಿಗೆ ಬೇಡ ಅಂದದ್ದು ಅದೇ ಮೊದಲು. ಸಂಜೆಯೊಳಗೆ ವೈನಿ ಇಡೀ ಓಣಿಗೆ ಸುದ್ದಿ ಮುಟ್ಟಿಸಿದರು, ನಮ್ಮವರು ಬಾಯಿ ಗೆದ್ದರು ಎಂದು.

ಫೀಕಾ ಚಹಾ

ಅಂಗಡಿಯಲ್ಲಿ ಅಣ್ಣ ಏನು ತಿನ್ನುತ್ತಾನೆ ಎಂಬುದು ವೈನಿಗೆ ಕಾಣುವಂತಿರಲಿಲ್ಲ. ಅದಕ್ಕೆ ಪಕ್ಕದ ಅಂಗಡಿಯ ಭಾಯಿಯನ್ನು ನೇಮಿಸಿದರು. ಭಾಯಿಯದು ಗುಂಡಿ, ದಾರ, ಜಿಪ್ಪು, ಅಸ್ತರು ಮಾರುವ ಅಂಗಡಿ. ಅವರ ಅಜ್ಜನ ಕಾಲದಿಂದಲೂ ಅಲ್ಲೇ ಇದೆ. ಭಾಯಿ ಸುಳ್ಳು ಹೇಳುವ ಮನುಷ್ಯರಲ್ಲ. ಗುಂಡಿಯ ಬಣ್ಣ ಶರ್ಟಿಗೆ ಒಪ್ಪುವುದಿಲ್ಲವೆಂದರೆ ವ್ಯಾಪಾರ ಬಿಟ್ಟಾದರೂ ಹಾಗೆಂದು ಹೇಳುವವರು.

ದಸರೆಯ ಹೊತ್ತಿಗೆ ವೈನಿ ಬಜಾರಿಗೆ ಬಂದಾಗಲೆಲ್ಲ ಭಾಯಿಯ ಅಂಗಡಿ ಮುಂದೆ ನಿಂತು ವಿಚಾರಿಸುತ್ತಿದ್ದರು. ಚಹಾಕ್ಕೆ ಸಕ್ಕರೆ ಹಾಕಿಸುತ್ತಾರೇನು ಎಂದು. ಭಾಯಿ ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದರು.

"ತೌಬಾ, ಭಾಭಿ. ಫೀಕಾ ಚಹಾನೇ. ನನ್ನ ಕಣ್ಣ ಮುಂದ ಕುಡಿತಾರ."

ಅದು ನಿಜ. ಒಂದು ದಿನ ನಾನೇ ಹೋಗಿ ನೋಡಿದೆ. ಅಣ್ಣ ಭಾಯಿಯ ಅಂಗಡಿಯ ಸ್ಟೂಲಿನ ಮೇಲೆ ಕೂತು ಸಕ್ಕರೆಯಿಲ್ಲದ ಚಹಾವನ್ನು ಕಷಾಯ ಕುಡಿದಂತೆ ಕುಡಿಯುತ್ತಿದ್ದ. ಇನ್ನೊಂದು ಕೈಯಲ್ಲಿ ಬಾಲೂಶಾಹಿ ಇತ್ತು. ಪಾಕ ಮೊಣಕೈಗೆ ಇಳಿಯುತ್ತಿತ್ತು.

ಭಾಯಿಯನ್ನು ಪಕ್ಕಕ್ಕೆ ಕರೆದು ಇದೇನೆಂದು ಕೇಳಿದೆ. ಭಾಯಿ ನೊಂದುಕೊಂಡರು.

"ಮಾಸ್ತರ್ ಸಾಬ್, ಭಾಭಿ ಚಹಾ ಕೇಳ್ತಾರ, ನಾ ಚಹಾ ಹೇಳ್ತೀನಿ. ಬಾಲೂಶಾಹಿ ಕೇಳ್ಲಿ, ಆ ದಿನ ಅದೂ ಹೇಳ್ತೀನಿ. ಝೂಟ್ ಮಾತ್ರ ಹೇಳಾಂಗಿಲ್ಲ." ದನಿ ತಗ್ಗಿಸಿ ಸೇರಿಸಿದರು: "ಮತ್ತ ಅವ್ರು ಪೂರಾ ತಿನ್ನಾಂಗಿಲ್ರಿ. ಭಾಭಿ ಅರ್ಧಾ ಅಂದಾರಂತ. ಅರ್ಧಾ ನನಗ ಕೊಡ್ತಾರ. ನನಗೂ ಶುಗರ್ ಅದ, ಏನ್ ಮಾಡ್ಲಿ."

ಗಾಣದ ಬೆಲ್ಲ

ದಸರೆ ಮುಗಿದ ಮೇಲೆ ರಿಪೋರ್ಟು ತೆಗೆದುಕೊಂಡು ಮತ್ತೆ ಡಾಕ್ಟರ್ ಮೇಡಂ ಹತ್ತಿರ ಹೋದೆವು. ವೈನಿಗೆ ಭರವಸೆಯಿತ್ತು. ಹೊರಗಿನ ಬೆಂಚಿನ ಮೇಲೆ ಚೀಲ ಹಿಡಿದು ಕೂರುತ್ತಿದ್ದವರು ಅವತ್ತು ಒಳಗೇ ಬಂದರು. ಮೇಡಂ ರಿಪೋರ್ಟು ನೋಡಿದರು, ಅಣ್ಣನನ್ನು ನೋಡಿದರು, ಸಕ್ಕರೆ ಬಿಟ್ಟಿದ್ದೀರಾ ಎಂದು ಕೇಳಿದರು.

ಉತ್ತರ ಕೊಟ್ಟವರು ವೈನಿ. ಮನೆಯಲ್ಲಿ ಸಕ್ಕರೆಯ ಒಂದು ಕಾಳೂ ಇಲ್ಲ, ಡಬ್ಬಿಯನ್ನೇ ತೊಳೆದು ಬೋರಲು ಹಾಕಿದ್ದೇನೆ ಎಂದರು. ಹಾಗಾದರೆ ಇಷ್ಟೇಕೆ ಏರಿದೆ ಎಂದು ಮೇಡಂ ಒಂದೊಂದೇ ಕೇಳುತ್ತ ಹೋದರು. ಅನ್ನ ಎಷ್ಟು, ರೊಟ್ಟಿ ಎಷ್ಟು, ಹಣ್ಣು ಯಾವುದು. ಕೊನೆಗೆ ಬೆಲ್ಲ ಎಂದರು.

"ಬೆಲ್ಲನೂ ಅದರಾಗ ಬರ್ತದೇನ್ರಿ?" ಎಂದರು ವೈನಿ.

ವೈನಿಯ ತವರು ಹುಡಗಿ ಎಂಬ ಊರು. ಅಲ್ಲಿ ಅವರ ಅಣ್ಣನ ಕಬ್ಬಿನ ಹೊಲ, ಅವರದೇ ಗಾಣ. ಹೊಸ ಬೆಲ್ಲ ಬಂದಾಗಲೆಲ್ಲ ತಂಗಿಗೆ ಒಂದು ಪೆಂಟೆ ಬರುವುದು ಪದ್ಧತಿ. ಸಕ್ಕರೆ ಬಿಡಿಸಿದ ದಿನದಿಂದ ವೈನಿ ಗಂಡನಿಗೆ ಮುಂಜಾನೆಯ ಹಾಲಿಗೆ, ರಾತ್ರಿಯ ರೊಟ್ಟಿಗೆ ಬೆಲ್ಲ ಕೊಡುತ್ತಿದ್ದರು. ಸಕ್ಕರೆ ಹೋಯಿತಲ್ಲ, ಜೀವ ಸೊರಗಬಾರದೆಂದು ಒಂದಿಷ್ಟು ಹೆಚ್ಚಿಗೇ ಕೊಟ್ಟಿದ್ದರು. ಮೇಡಂ ಎರಡೂ ಒಂದೇ ಎಂದು ಹೇಳಿದಾಗ ವೈನಿ ನಂಬಲಿಲ್ಲ.

"ಅದು ಬೆಳ್ಳಗಿರ್ತದರಿ, ಇದು ಕೆಂಪಗ. ಅದು ಫ್ಯಾಕ್ಟರೀದು. ಇದು ನಮ್ಮ ಅಣ್ಣನ ಗಾಣದ್ದು."

ಮೇಡಂ ನಗಲಿಲ್ಲ. ರಕ್ತಕ್ಕೆ ಅದು ಯಾರ ಗಾಣದ್ದೆಂದು ತಿಳಿಯುವುದಿಲ್ಲ, ಕಾಕು, ಎಂದರು ಮೆತ್ತಗೆ.

ಬಸ್ಸಿನಲ್ಲಿ ವೈನಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಇಷ್ಟು ದಿನ ನಾನೇ ಹಾಕಿದೆನಲ್ಲ ಎಂದು ಒಮ್ಮೆ ಅಂದರು. ಅಣ್ಣ ಸಮಾಧಾನ ಮಾಡಿದ. ಅವನ ರೀತಿಯಲ್ಲಿ.

"ನೀ ಯಾಕ ಅಳ್ತಿ? ಬೆಲ್ಲ ನಿಮ್ಮ ಅಣ್ಣಂದು. ಆಪರೇಶನ್ ಖರ್ಚ ಅವನ ಹತ್ರ ತಗೊಳೂಣು."

ಮರುದಿನದಿಂದ ವೈನಿ ತಾವೂ ಸಿಹಿ ಬಿಟ್ಟರು. ಅವರಿಗೆ ಶುಗರು ಇರಲಿಲ್ಲ, ಅಥವಾ ಇರಲಿಲ್ಲವೆಂದು ನಾವು ತಿಳಿದಿದ್ದೆವು. ಯಾಕೆಂದು ಕೇಳಿದರೆ ಇವರ ಮುಂದೆ ಕೂತು ನಾನು ಹೇಗೆ ತಿನ್ನಲಿ ಎಂದರು. ಹಾಗಲಕಾಯಿ ತಂದು ಹೆಚ್ಚಿ, ಮಾಳಿಗೆಯ ಮೇಲೆ ಒಣಗಿಸಿ, ಕುಟ್ಟಿ, ಪುಡಿ ಮಾಡಿ ಒಂದು ದೊಡ್ಡ ಸ್ಟೀಲಿನ ಡಬ್ಬಿಯಲ್ಲಿಟ್ಟರು. ಅಣ್ಣನಿಗೆ ಗುಳಿಗೆಯ ಜೊತೆ ದಿನಾ ಮುಂಜಾನೆ ನೀರಿನಲ್ಲಿ ಒಂದು ಚಮಚ. ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿದರೆ ಅಣ್ಣ ಹಿತ್ತಲ ಬಾಗಿಲಿನಿಂದ ಅಂಗಡಿಗೆ ಹೊರಡುತ್ತಿದ್ದ. ಆ ಡಬ್ಬಿ ಒಲೆಯ ಪಕ್ಕ, ಎಲ್ಲರ ಕೈಗೂ ಸಿಗುವ ಹಲಗೆಯ ಮೇಲೆ ಇರುತ್ತಿತ್ತು. ಆ ಅಡುಗೆಮನೆಯಲ್ಲಿ ಅಡಗಿಸಿಡದೆ ಇದ್ದ ಡಬ್ಬಿ ಅದೊಂದೇ.

ಬಲಗಡೆಯ ಜೇಬು

ಅಣ್ಣನ ಒಬ್ಬಳೇ ಮಗಳನ್ನು ಮಾಣಿಕನಗರದ ಪೇಡೆ ಅಂಗಡಿಯವರಿಗೆ ಕೊಟ್ಟಿದೆ. ಆ ಸಂಬಂಧ ಕೂಡಿದ್ದು ಶುಗರು ಬರುವ ಮೊದಲು. ಬಂದ ಮೇಲೆ ಕೂಡಿದ್ದರೆ ಅಣ್ಣ ವರದಕ್ಷಿಣೆಯನ್ನೂ ಕೊಡುತ್ತಿದ್ದನೇನೋ. ದೀಪಾವಳಿಗೆ ಮಗಳು ಆಟೋದಲ್ಲಿ ಬಂದಿಳಿದಾಗ ವೈನಿ ಬಾಗಿಲಲ್ಲೇ ತಡೆದು ಪೇಡೆಯ ಪೊಟ್ಟಣವನ್ನು ಆಟೋದವನ ಕೈಗೇ ಕೊಟ್ಟು ಕಳಿಸಿದರು. ಅಣ್ಣ ಒಳಗಿನಿಂದ ಆಟೋದ ಸದ್ದು ದೂರವಾಗುವುದನ್ನು ಕೇಳಿಸಿಕೊಂಡ.

ಆ ದೀಪಾವಳಿಗೆ ಅವನು ನನಗೊಂದು ಶರ್ಟು ಹೊಲಿದುಕೊಟ್ಟ. ಪ್ರತಿ ವರ್ಷ ಕೊಡುತ್ತಾನೆ. ಹಾಕಿಕೊಂಡು ನೋಡಿದೆ. ಅಳತೆ ಸರಿಯಿತ್ತು, ಕಾಲರು ಸರಿಯಿತ್ತು. ಜೇಬು ಬಲಗಡೆ ಇತ್ತು.

ಅಣ್ಣ ಹತ್ತಿರ ಬಂದು ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿ, ಹೆಂಗದ ಎಂದ. ಫಸ್ಟ್ ಕ್ಲಾಸ್ ಎಂದೆ. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕಂಡಿತು. ನಗುತ್ತಾರೆಂದುಕೊಂಡೆ, ನಗಲಿಲ್ಲ. ನಾನು ಹೊರಡುವಾಗ ಹೊರಬಾಗಿಲ ತನಕ ಬಂದು, ಎಳ್ಳಮಾವಾಸ್ಯೆ ಒಂದು ಮುಗಿಯಲಿ, ಹೇಗಾದರೂ ಮಾಡಿ ಶುಗರು ಇಳಿಸಿ ಇವರ ಕಣ್ಣು ಮಾಡಿಸೋಣ, ಕೈ ಇದ್ದೂ ಇಲ್ಲದವರಂತಾಗಿದ್ದಾರೆ ಎಂದರು.

ಶಾಲೆ ತೆರೆದ ದಿನ ಅದೇ ಶರ್ಟು ಹಾಕಿಕೊಂಡು ಹೋದೆ. ಹೆಡ್‌ಮಾಸ್ತರರು ಬಹಳ ಹೊತ್ತು ನೋಡಿ, ಇದು ಹೊಸ ಫ್ಯಾಶನ್ನೇ ಎಂದು ಕೇಳಿದರು. ಹೌದೆಂದೆ. ಮರುವಾರ ಅವರು ಬಟ್ಟೆ ತಂದು ನನ್ನ ಕೈಗೆ ಕೊಟ್ಟು, ತಮಗೂ ಒಂದು ಹಾಗೇ ಹೊಲಿಸಿಕೊಡಲು ಹೇಳಿದರು.

ಒಂದು ಹೊಲಕ್ಕೆ ಒಂದು ತಾಟು

ಎಳ್ಳಮಾವಾಸ್ಯೆಗೆ ಎಲ್ಲರೂ ಹುಡಗಿಯಲ್ಲಿರುವ ವೈನಿಯ ಅಣ್ಣನ ಹೊಲಕ್ಕೆ ಹೋದೆವು. ಆ ದಿನ ನಮ್ಮ ಜಿಲ್ಲೆಯಲ್ಲಿ ಊರುಗಳು ಖಾಲಿ, ಹೊಲಗಳು ತುಂಬಿ. ಜೋಳದ ದಂಟಿನಿಂದ ಗುಡಿಸಲಿನಂಥ ಕೊಂಪಿ ಕಟ್ಟಿ, ಅದರೊಳಗೆ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವುದು.

ವೈನಿ ಅವತ್ತು ಖುಷಿಯಾಗಿದ್ದರು. ಡಾಕ್ಟರ್ ಮೇಡಂ ಒಪ್ಪುವಂಥ ಹಬ್ಬ ಇದೊಂದೇ ಎಂದರು. ಸಜ್ಜೆ ರೊಟ್ಟಿ, ಹಸಿ ಕಾಳು ಮತ್ತು ಸೊಪ್ಪುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಮಡಕೆಯಲ್ಲಿ ಹುಳಿ ಬಂದ ಅಂಬಲಿ. ಕೊನೆಗೆ ಶೇಂಗಾ ಹೋಳಿಗೆ. ಅದರ ವಿಷಯದಲ್ಲಿ ಅಣ್ಣನಿಗೆ ಒಂದು ಕರಾರು ಹಾಕಿದರು. ಇವತ್ತು ನಾನು ನಿಮ್ಮ ತಾಟಿನ ಕಡೆ ನೋಡುವುದಿಲ್ಲ, ಮನಸ್ಸಿಗೆ ಬಂದದ್ದು ಉಣ್ಣಿರಿ, ಆದರೆ ಒಂದೇ ತಾಟು. ಅಣ್ಣ ಐದು ಕಲ್ಲುಗಳನ್ನೂ ಮುಟ್ಟಿ ಒಪ್ಪಿಕೊಂಡ. ಒಂದೇ ತಾಟು ಉಂಡ. ಅದೂ ಹಿತವಾಗಿ. ವೈನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಎಳ್ಳಮಾವಾಸ್ಯೆಯ ದಿನ ಯಾರ ಹೊಲ ದಾಟಿದರೂ ಬರ್ರಿ, ಉಣ್ರಿ ಎಂದು ಕರೆಯುತ್ತಾರೆ. ಕರೆದರೆ ಇಲ್ಲವೆನ್ನುವಂತಿಲ್ಲ. ಅಣ್ಣ ಕೈ ತೊಳೆದು, ಕೋಲು ಹಿಡಿದು, ಪಕ್ಕದ ಹೊಲದವರನ್ನು ಮಾತಾಡಿಸಿ ಬರುತ್ತೇನೆಂದು ಹೋದ. ಅಲ್ಲಿ ಒಂದು ತಾಟು ಉಂಡ. ಅದರ ಪಕ್ಕದ ಹೊಲದವರೂ ಕರೆದರು.

ಸ್ವಲ್ಪ ಹೊತ್ತಿಗೆ ವೈನಿಗೆ ಹೊಳೆಯಿತು. ಎದ್ದು ಬೆನ್ನಟ್ಟಿದರು. ನಾನೂ ಹಿಂದೆ ಹೋದೆ. ಒಂದು ಹೊಲಕ್ಕೆ ನಾವು ಹೋಗುವಷ್ಟರಲ್ಲಿ ಅಣ್ಣ ಮುಂದಿನ ಹೊಲದಲ್ಲಿರುತ್ತಿದ್ದ. ವೈನಿ ಆ ಊರಿನ ಮಗಳು. ಊರಮಗಳು ಬಂದಳೆಂದು ಪ್ರತಿ ಹೊಲದಲ್ಲೂ ಹೆಂಗಸರು ಕೈ ಹಿಡಿದು ಕೂರಿಸಿ, ಹೋಳಿಗೆ ತಿನ್ನದೆ ಏಳಲು ಬಿಡಲಿಲ್ಲ. ಸಿಹಿ ಬಿಟ್ಟಿದ್ದೇನೆ ಎಂದರೆ ಯಾರು ಕೇಳುತ್ತಾರೆ. ಹೀಗೆ ಗಂಡನ ಹೋಳಿಗೆ ತಪ್ಪಿಸಲು ಹೊರಟವರು ಹೊಲಹೊಲಕ್ಕೂ ತಾವೇ ಹೋಳಿಗೆ ತಿನ್ನುತ್ತ ನಡೆದರು.

ಕೊನೆಗೆ ಒಂದು ಜಾಲಿ ಮರದ ಕೆಳಗೆ ಅಣ್ಣ ಸಿಕ್ಕ. ಮಲಗಿದ್ದ. ಐದು ಕಲ್ಲು ಮುಟ್ಟಿ ಆಣೆ ಮಾಡಿದ್ದಿರಲ್ಲ ಎಂದು ವೈನಿ ಕೇಳಿದರು.

"ಒಂದ್ ಹೊಲಕ್ಕ ಒಂದ್ ತಾಟ ಅಂತ ತಿಳ್ದೆ," ಎಂದ ಅಣ್ಣ, ಕಣ್ಣು ತೆರೆಯದೆ.

ವೈನಿ ಬದುವಿನ ಮೇಲೆ ಕುಸಿದು ಕೂತು ನಗತೊಡಗಿದರು. ನಗುತ್ತ ನಗುತ್ತ ಎದೆಯ ಮೇಲೆ ಕೈಯಿಟ್ಟುಕೊಂಡರು. ಉಸಿರು ಬಿಗಿಯಿತೆಂದರು. ಓಡಾಡಿದ್ದಕ್ಕೆ ಗ್ಯಾಸು ಆಗಿದೆ ಎಂದು ತಾವೇ ಹೇಳಿದರು. ಅಣ್ಣ ಎದ್ದು ಕೂತು, ಮನೆಗೆ ಹೋಗಿ ಜೀರಿಗೆ ನೀರು ಕುಡಿ ಎಂದ.

"ನೋಡ್ರಿ ಭಾವಜಿ," ಎಂದರು ವೈನಿ, ಕಣ್ಣೊರೆಸಿಕೊಂಡು. "ಲಗ್ನ ಆದಾಗಿಂದ ಇವತ್ತ ಮೊದ್ಲ ಸಲ ಇವ್ರು ನನಗ ಔಷಧ ಹೇಳಾಕತ್ತಾರ."

ನಾವೆಲ್ಲ ಜೋರಾಗಿ ನಕ್ಕೆವು.

ಬಾಯಿ ಸಿಹಿ

ಸಂಕ್ರಾಂತಿಗೆ ಮೊದಲೇ ವೈನಿ ತೀರಿಕೊಂಡರು. ಮುಂಜಾನೆ ರೊಟ್ಟಿ ಬಡಿಯುತ್ತಿದ್ದರು. ಕಲಸಿದ ಹಿಟ್ಟು ಪರಾತದಲ್ಲಿತ್ತು. ನೋಡಲು ಬಂದ ಊರಿನ ಡಾಕ್ಟರು ಹಾರ್ಟು ಎಂದರು.

ಆ ಮನೆಯಲ್ಲಿ ಶುಗರು, ಬಿಪಿ, ಕಣ್ಣು ಎಲ್ಲ ಪರೀಕ್ಷೆಗಳೂ ಅಣ್ಣನವೇ. ವೈನಿ ಹೊರಗಿನ ಬೆಂಚಿನವರು. ಅವರ ಕೈಯಿಂದ ಯಾರೂ ಒಂದು ಹನಿ ರಕ್ತ ತೆಗೆದು ನೋಡಿರಲಿಲ್ಲ.

ಸತ್ತವರ ದಿನಕರ್ಮ ಮುಗಿದ ಮೇಲೆ ಬೀಗರು, ಆಪ್ತರು ಸಿಹಿ ತಂದು ಸಾವಿನ ಮನೆಯವರ ಬಾಯಿ ಸಿಹಿ ಮಾಡಿಸುವುದು ನಮ್ಮಲ್ಲಿ ಪದ್ಧತಿ. ದುಃಖ ಸಾಕು, ಇನ್ನು ಉಣ್ಣು ಎಂದು ಹೇಳುವ ಕ್ರಮ ಅದು. ಶ್ರಾವಣದಿಂದ ಅಣ್ಣನಿಗೆ ಬಾಯಿ ಕಟ್ಟು ಎಂದು ಹೇಳುತ್ತಿದ್ದವರೆಲ್ಲ ಅವತ್ತು ಡಬ್ಬಿ ಹಿಡಿದು ಬಂದರು. ಹುಡಗಿಯಿಂದ ಬೆಲ್ಲದ ಹೋಳಿಗೆ ಬಂತು. ಮಾಣಿಕನಗರದಿಂದ ಪೇಡೆ ಬಂತು, ಈ ಸಲ ಬಾಗಿಲಲ್ಲಿ ತಡೆಯುವವರಿಲ್ಲದೆ ಒಳಗೇ ಬಂತು. ಭಾಯಿ ಬಾಲೂಶಾಹಿ ತಂದು ಮೂಲೆಯಲ್ಲಿ ಕೂತರು. ಡಾಕ್ಟರ್ ಮೇಡಂ ಬೇಡವೆಂದ ಪದಾರ್ಥಗಳಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ.

ಎಲ್ಲರೂ ಸೇರಿ ಅಣ್ಣನನ್ನು ತಾಟಿನ ಮುಂದೆ ಕೂರಿಸಿದರು. ವೈನಿಯ ಅಣ್ಣ ತಾವೇ ಹೋಳಿಗೆ ಮುರಿದು ಬಾಯಿಗಿಟ್ಟರು. ಅಣ್ಣ ಒಂದು ಚೂರು ತಿಂದು ತಾಟು ಸರಿಸಿದ. ಇನ್ನೂ ತಿನ್ರಿ, ಇವತ್ತು ತಿನ್ನಬೇಕು ಎಂದು ಸುತ್ತಲಿನವರು ಒತ್ತಾಯ ಮಾಡಿದರು.

"ಉಳದದ್ದು ಸಂಜಿಗಿ," ಎಂದ ಅಣ್ಣ.

ಸಂಜೆಗೂ ತಿನ್ನಲಿಲ್ಲ. ಡಬ್ಬಿಗಳು ಪಡಸಾಲೆಯಲ್ಲಿ ಮುಚ್ಚಳ ತೆಗೆದಂತೆಯೇ ಇದ್ದವು. ಆ ಮನೆಯಲ್ಲಿ ಮೊದಲ ಸಲ ಇರುವೆಗಳಿಗೆ ಪಾಲು ಸಿಕ್ಕಿತು.

ಕಹಿ ಡಬ್ಬಿ

ಆಮೇಲೆ ಮಗಳು ದಿನಾ ಮಾಣಿಕನಗರದಿಂದ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಅಣ್ಣ ಕೊಟ್ಟಷ್ಟು ಉಣ್ಣುತ್ತಿದ್ದ, ಗುಳಿಗೆ ನುಂಗುತ್ತಿದ್ದ, ಅಂಗಡಿಗೆ ಹೋಗಿ ಕೂರುತ್ತಿದ್ದ. ಭಾಯಿ ಬಾಲೂಶಾಹಿ ತರಿಸಲೇ ಎಂದರೆ ಚಹಾ ಸಾಕು ಎನ್ನುತ್ತಿದ್ದನಂತೆ. ಕದಿಯಲು ಕಾವಲಿರಬೇಕು. ಇಡೀ ಅಡುಗೆಮನೆ ಅವನಿಗೆ ತೆರೆದು ಬಿದ್ದಿತ್ತು, ಅವನು ಒಳಗೆ ಹೋಗಲೇ ಇಲ್ಲ.

ಒಂದು ರವಿವಾರ ನಾನು ಹೋದಾಗ, ಒಲೆಯ ಪಕ್ಕದ ಹಾಗಲಕಾಯಿ ಪುಡಿಯ ಡಬ್ಬಿ ತೆಗೆದುಕೊಡು ಎಂದ. ಯಾಕೆಂದು ಕೇಳಿದೆ. ಆಕೆ ಅಷ್ಟು ಕಷ್ಟಪಟ್ಟು ಕುಟ್ಟಿದ್ದಾಳೆ, ಮುಗಿಸಿಬಿಡೋಣ ಎಂದ. ಡಬ್ಬಿ ತಂದು ಅವನ ತೊಡೆಯ ಮೇಲಿಟ್ಟೆ. ಮುಚ್ಚಳ ತೆಗೆದು ಕೈ ಹಾಕಿದ. ಮೇಲೆ ಪುಡಿಯ ಸಣ್ಣ ಗಂಟು ಇತ್ತು, ಅವನದೇ ಅಂಗಡಿಯ ತುಂಡು ಬಟ್ಟೆಯಲ್ಲಿ ಕಟ್ಟಿದ್ದು. ಅದನ್ನು ತೆಗೆದಿಟ್ಟ. ಕೈ ಕೆಳಗಿಳಿದು ಅಲ್ಲೇ ನಿಂತಿತು. ಮೆಲ್ಲಗೆ ಒಂದನ್ನು ಹೊರತೆಗೆದು ನನ್ನ ಮುಂದೆ ಹಿಡಿದ.

"ನೋಡೋ, ಹುಣಸಿ ಅದೇನ?"

ನೋಡಿದೆ. "ಶೇಂಗಾ ಉಂಡಿ ಅಣ್ಣಾ," ಎಂದೆ.

ಡಬ್ಬಿಯ ತುಂಬ ಉಂಡಿಗಳಿದ್ದವು. ಸಂಕ್ರಾಂತಿಗೆ ಓಣಿಯಲ್ಲಿ ಬೀರಲು ಮೊದಲೇ ಕಟ್ಟಿಟ್ಟದ್ದಿರಬೇಕು. ಅಣ್ಣ ಆ ಒಂದು ಉಂಡಿಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದ. ವೈನಿ ಹೋದ ಮೇಲೆ ಅವನು ನಕ್ಕದ್ದು ನಾನು ನೋಡಿರಲಿಲ್ಲ.

"ಇಡೀ ಮನಿ ಹುಡುಕೀನಿ," ಎಂದ. "ದೀಪಾವಳಿಯಾಗ ದೇವರ ಜಗಲಿ ಸೈತ ಹುಡುಕೀನಿ. ಈ ಡಬ್ಬಿ ನಾ ಸತ್ರೂ ತಗ್ಯಾಂಗಿಲ್ಲಂತ ಗೊತ್ತಿತ್ತು ಆಕಿಗಿ."

ನಗು ಎಲ್ಲಿ ಮುಗಿಯಿತೋ ನನಗೆ ತಿಳಿಯಲಿಲ್ಲ. ಅವನ ಕೆನ್ನೆ ಒದ್ದೆಯಾಗಿತ್ತು, ಬಾಯಲ್ಲಿ ಹುಣಸೆ ಇರಲಿಲ್ಲ.

ಮಗಳು ಬಂದು ನೋಡಿ, ಒಂದನ್ನು ಮೂಸಿ, ಅಪ್ಪಾ, ಇವು ಕೆಟ್ಟಿವೆ, ಎಣ್ಣೆ ವಾಸನೆ ಬರುತ್ತಿದೆ, ಚೆಲ್ಲಲೇ ಎಂದು ಕೇಳಿದಳು. ಅಣ್ಣ ಕೈಯಲ್ಲಿದ್ದ ಉಂಡಿಯನ್ನು ಇದ್ದ ಜಾಗದಲ್ಲೇ ಇಟ್ಟ. ಮೇಲೆ ಪುಡಿಯ ಗಂಟು ಇಟ್ಟ.

"ಬ್ಯಾಡ. ಅಲ್ಲೇ ಇಡು," ಎಂದ. "ಮುಚ್ಚಳ ಬಿಗಿ ಹಾಕವ್ವ. ನಾ ಕಳ್ಳ ಇದ್ದೀನಿ."

ಚಳಿ ಕಳೆದ ಮೇಲೆ ಬಸವಕಲ್ಯಾಣದಲ್ಲಿ ಅವನ ರಕ್ತ ಪರೀಕ್ಷೆ ಮಾಡಿಸಿದೆ. ರಿಪೋರ್ಟು ನೋಡಿದ ಡಾಕ್ಟರ್ ಮೇಡಂ ಮೊದಲು ಹೆಸರು ಸರಿಯಿದೆಯೇ ಎಂದು ಪರಿಶೀಲಿಸಿದರು. ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟರು. ಹಬ್ಬದ ದಿನಗಳು ಮುಗಿದ ಮೇಲೆ ಇಷ್ಟು ಚೆನ್ನಾದ ರಿಪೋರ್ಟು ತಂದವರು ತಮ್ಮಲ್ಲಿ ಬೇರೆ ಯಾರೂ ಇಲ್ಲವೆಂದರು. ಮನೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ.

"ಏನ್ ಮಾಡಿದ್ರಿ ಕಾಕಾ? ಹೇಳ್ರಿ, ಬಾಕಿ ಪೇಶಂಟರಿಗೂ ಅದನ್ನೇ ಹೇಳ್ತೀನಿ."

ಅಣ್ಣ ಕೋಲು ಹಿಡಿದು ಎದ್ದ.

"ಅವ್ರಿಗಿ ಹೇಳಬ್ಯಾಡ್ರಿ, ಮೇಡಂ," ಎಂದ.

ಎಡಗಣ್ಣಿನ ಆಪರೇಶನ್ ಯುಗಾದಿಗೆ ಮೊದಲು ಆಯಿತು. ಬಲಗಣ್ಣಿನದು ಮಳೆಗಾಲ ಕಳೆದ ಮೇಲೆ. ದಾರವನ್ನು ಈಗ ಅವನೇ ಪೋಣಿಸುತ್ತಾನೆ. ನನ್ನ ಶರ್ಟು ತರಿಸಿಕೊಂಡು ಜೇಬು ಬಿಚ್ಚಿ ಎಡಗಡೆಗೆ ಹಾಕಿಕೊಟ್ಟಿದ್ದಾನೆ.